ಮುಂದಿನ ಗಾಲಿಯ ಮೋಟು

ಗಂಡಸಾದವನು ಬಾಯಿಬಿಟ್ಟು ಒಪ್ಪಿಕೊಳ್ಳದ ಮಾತುಗಳು ಕೆಲವಿರುತ್ತವೆ. ಗೊರಕೆ ಹೊಡೆಯುತ್ತೇನೆ ಎಂಬುದು ಒಂದು, ದಾರಿ ತಪ್ಪಿದ್ದೇನೆ ಎಂಬುದು ಇನ್ನೊಂದು. ಇವೆರಡಕ್ಕಿಂತ ಕಠಿಣವಾದದ್ದು ‘ನನಗೆ ಗಾಡಿಯ ಬಗ್ಗೆ ಏನೂ ಗೊತ್ತಿಲ್ಲ’ ಎಂಬ ಮಾತು. ರಸ್ತೆಯ ಬದಿಯಲ್ಲಿ ಯಾರದೋ ಕಾರು ಬಾನೆಟ್ ಎತ್ತಿಕೊಂಡು ನಿಂತಿರಲಿ, ಐದು ನಿಮಿಷದೊಳಗೆ ನಾಲ್ಕು ಜನ ಗಂಡಸರು ಸುತ್ತ ಸೇರಿರುತ್ತಾರೆ. ಒಬ್ಬ ಸೊಂಟಕ್ಕೆ ಕೈಕೊಟ್ಟು ಬಗ್ಗಿ ನೋಡುತ್ತಾನೆ. ಇನ್ನೊಬ್ಬ ಯಾವುದೋ ವಾಯರನ್ನು ಹಿಡಿದು ಅಲ್ಲಾಡಿಸುತ್ತಾನೆ. ಮೂರನೆಯವನು ಗಂಭೀರವಾಗಿ ‘ಕಾರ್ಬೊರೇಟರ್ ಇರಬೇಕು’ ಎನ್ನುತ್ತಾನೆ. ಈಗಿನ ಕಾರುಗಳಲ್ಲಿ ಕಾರ್ಬೊರೇಟರ್ ಇರುವುದೇ ಇಲ್ಲವಂತೆ. ಆ ಮೂರನೆಯವನು ನಾನು.

ನನ್ನ ಅಪರಾಧ ದೊಡ್ಡದಾಗಲು ಇನ್ನೂ ಒಂದು ಕಾರಣವಿದೆ. ನಾನು ಹಾವೇರಿಯ ಕಾಲೇಜೊಂದರಲ್ಲಿ ಮೂವತ್ತೆರಡು ವರ್ಷ ಭೌತಶಾಸ್ತ್ರ ಪಾಠ ಮಾಡಿದವನು. ಬಲ, ವೇಗ, ಘರ್ಷಣೆ, ಟಾರ್ಕು ಎಂದು ಏನೇನೋ ಗಾಲಿಗಳನ್ನು ಕರಿಹಲಗೆಯ ಮೇಲೆ ತಿರುಗಿಸಿದ್ದೇನೆ. ಕರಿಹಲಗೆಯ ಗಾಲಿಗೆ ಒಂದು ಒಳ್ಳೆಯ ಗುಣವುಂಟು. ಅದಕ್ಕೆ ಕೆಸರು ಹತ್ತುವುದಿಲ್ಲ, ಪಂಕ್ಚರ್ ಆಗುವುದಿಲ್ಲ, ಬಾಣದ ಗುರುತು ಹಾಕಿದ ದಿಕ್ಕಿಗೆ ತೆಪ್ಪಗೆ ತಿರುಗುತ್ತದೆ. ಜಗತ್ತಿನ ಎಲ್ಲ ಗಾಲಿಗಳೂ ನನ್ನ ಮಾತು ಕೇಳುತ್ತವೆ ಎಂಬ ಭ್ರಮೆಯಲ್ಲೇ ಅರವತ್ತು ಮುಟ್ಟಿದೆ. ದೀಪಾವಳಿ ಮುಗಿಯುತ್ತಲೇ ನಿವೃತ್ತನಾದೆ. ಬೀಳ್ಕೊಡುವ ದಿನ ಕೊರಳಿಗೆ ನಮ್ಮೂರಿನ ಏಲಕ್ಕಿ ಹಾರ ಹಾಕಿದರು, ಶಾಲು ಹೊದಿಸಿದರು, ಭಾಷಣ ಮಾಡಿದರು, ಆಮೇಲೆ ಮೆಲ್ಲಗೆ ಪ್ರಯೋಗಾಲಯದ ಕೀಲಿಕೈ ಗೊಂಚಲನ್ನು ಇಸಿದುಕೊಂಡರು. ಹಾರ ಬಿದ್ದಾಗ ಆದ ಸಂತೋಷಕ್ಕಿಂತ ಗೊಂಚಲು ಹೋದಾಗ ಆದ ಸಂಕಟವೇ ಹೆಚ್ಚು. ಮುಂದೆ ವಾರಗಟ್ಟಲೆ ಮನೆಯಲ್ಲಿ ಕುಳಿತಲ್ಲೇ ಎಡಗಡೆಯ ಕಿಸೆ ಮುಟ್ಟಿಕೊಂಡು ಗಾಬರಿಯಾಗುತ್ತಿದ್ದೆ.

ನನ್ನ ಹೆಂಡತಿ ಗಿರಿಜಾಳಿಗೆ ಇಂಥ ಗಾಬರಿಗಳಿಗೆ ಪುರುಸೊತ್ತಿಲ್ಲ. ಅವಳು ಬ್ಯಾಡಗಿಯಲ್ಲಿ ಖಾರಪುಡಿಯ ಗಿರಣಿ ನಡೆಸುತ್ತಾಳೆ. ದಿನಾ ಬೆಳಿಗ್ಗೆ ಹಾವೇರಿಯಿಂದ ಹೋಗುತ್ತಾಳೆ, ಸಂಜೆ ಕೆಂಪು ಹುಬ್ಬಿನೊಂದಿಗೆ ಬರುತ್ತಾಳೆ. ತವರೂ ಬ್ಯಾಡಗಿಯೇ. ಮದುವೆಗೆ ಮುಂಚೆಯೇ ಅವರಪ್ಪನ ಮೆಣಸಿನಕಾಯಿ ಟೆಂಪೊ ಓಡಿಸುತ್ತಿದ್ದವಳು. ನಾನು ಹೆಣ್ಣು ನೋಡಲು ಹೋದ ದಿನ ಮಾರುಕಟ್ಟೆಯ ಘಾಟಿಗೆ ಎಷ್ಟು ಸಲ ಸೀನಿದೆನೆಂದರೆ ಹೆಣ್ಣಿನ ಮುಖ ನೆಟ್ಟಗೆ ನೋಡಲಾಗಲಿಲ್ಲ. ಅವಳು ಮಾತ್ರ ನನ್ನನ್ನು ನಿಧಾನವಾಗಿ ನೋಡಿ, ಒಳಗೆ ಹೋಗಿ ತಂಗಿಗೆ “ಎಂಜಿನ್ ಚೊಲೊ ಐತಿ, ಸೈಲೆನ್ಸರ್ ಅಷ್ಟ ಕೆಟ್ಟೈತಿ” ಎಂದಳಂತೆ. ಆ ತಂಗಿ ಈ ಮಾತನ್ನು ನಮ್ಮ ಮದುವೆಯಾಗಿ ಹತ್ತು ವರ್ಷದ ಮೇಲೆ ನನಗೆ ಹೇಳಿದಳು. ಅಷ್ಟು ಹೊತ್ತಿಗೆ ಸೈಲೆನ್ಸರನ್ನು ಗಿರಿಜಾ ಸಾಕಷ್ಟು ರಿಪೇರಿ ಮಾಡಿದ್ದಳು.

ಎರಡು ವರ್ಷದ ಹಿಂದೆ ಅವಳು ತನಗಾಗಿ ಅಂತ ಜೀವನದಲ್ಲಿ ಮೊದಲ ಸಲ ಒಂದು ವಸ್ತು ಕೊಂಡಳು. ಬಂಗಾರವಲ್ಲ, ಸೀರೆಯಲ್ಲ, ಹುಬ್ಬಳ್ಳಿಯ ಸಾವಕಾರರೊಬ್ಬರ ಹಳೆಯ ಸ್ಪೋರ್ಟ್ಸ್ ಕಾರು. ಅದರ ಕಂಪನಿಯ ಹೆಸರು ಹೇಳುವುದಿಲ್ಲ, ಹೇಳಲು ಹೋದರೂ ನನಗೆ ನಾಲಿಗೆ ಹೊರಳುವುದಿಲ್ಲ. ಸಾವಕಾರರಿಗೆ ಬೆನ್ನುನೋವು ಶುರುವಾಗಿ, ಕಾರಿನೊಳಗೆ ಒಬ್ಬರೇ ಕೂಡಬಲ್ಲವರಾಗಿದ್ದರೂ ಹೊರಗೆ ಬರಲು ಇಬ್ಬರು ಎಳೆಯಬೇಕಾಗುತ್ತಿತ್ತು. ನೀಲಿ ಬಣ್ಣ, ಎರಡೇ ಬಾಗಿಲು, ನೆಲಕ್ಕೆ ಹೊಟ್ಟೆ ತಾಗುವಷ್ಟು ಕುಳ್ಳು, ಹಿಂದೆ ಒಂದು ರೆಕ್ಕೆ. ಅದರ ದೊಡ್ಡ ಹೆಚ್ಚುಗಾರಿಕೆಯೆಂದರೆ ಅದರ ಎಂಜಿನ್ನು ನಾಲ್ಕೂ ಗಾಲಿಗಳನ್ನು ತಿರುಗಿಸುತ್ತದೆ. ಸಾಮಾನ್ಯ ಕಾರುಗಳಲ್ಲಿ ಎರಡು ಗಾಲಿ ದುಡಿಯುತ್ತವೆ, ಎರಡು ಸುಮ್ಮನೆ ಹಿಂಬಾಲಿಸುತ್ತವೆ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಯಾರ್ಡಿಗೆ ಗಿರಿಜಾ ಅದನ್ನು ಮೊದಲ ದಿನ ಒಯ್ದಾಗ ಹಮಾಲರೆಲ್ಲ ಸುತ್ತುವರಿದರು. ಒಬ್ಬ “ಅಕ್ಕಾರ, ಇದರಾಗ ಎಷ್ಟು ಚೀಲ ಹಿಡೀತಾವ್ರಿ?” ಎಂದು ಕೇಳಿದ. “ಒಂದೂ ಹಿಡ್ಯಾಂಗಿಲ್ಲ” ಎಂದಳು. “ಹಂಗಾರ ಯಾಕ ತಂದ್ರಿ?” ಎಂದ. “ನಾ ಹಿಡಿತೇನಲ್ಲ, ಸಾಕು” ಎಂದಳು. ಮರುದಿನದಿಂದ ಅವರು ಹಿಂದಿನ ರೆಕ್ಕೆಯ ಮೇಲೆ ಚಹಾದ ಕಪ್ಪು ಇಟ್ಟುಕೊಂಡು ಕುಡಿಯತೊಡಗಿದರು. ಒಟ್ಟಿನಲ್ಲಿ ಗಾಡಿಗೆ ಊರು ಒಗ್ಗಿತು.

ಈ ಸಲ ಸುಗ್ಗಿ ಮುಗಿದ ಮೇಲೆ ಮೋಟೆಬೆನ್ನೂರಿನ ಹತ್ತಿರ ಗೋವಿನಜೋಳ ಕಟಾವಾದ ಹೊಲವೊಂದರಲ್ಲಿ ಮಣ್ಣಿನ ಮೇಲೆ ಕಾರು ಓಡಿಸುವ ಪಂದ್ಯ ಇಟ್ಟರು. ಒಂದೊಂದೇ ಗಾಡಿ, ಎರಡು ಸುತ್ತು, ಯಾರು ಲಗೂ ಮುಗಿಸುತ್ತಾರೋ ಅವರು ಗೆದ್ದಂತೆ. ಗಿರಿಜಾ ಹೆಸರು ಬರೆಸಲು ಹೋದಾಗ ನಾನೂ ಜೊತೆಗಿದ್ದೆ. ಮೀಸೆಯ ಸಂಘಟಕ ನನ್ನ ಹಳೆಯ ವಿದ್ಯಾರ್ಥಿ. ನನಗೆ ನಮಸ್ಕಾರ ಮಾಡಿ, ಅವಳ ಕಡೆ ತಿರುಗಿ, “ಅಮ್ಮಾರ, ನೋಡಾಕ ಬರಾವ್ರಿಗೆ ಚೀಟಿ ಬೇಕಾಗಿಲ್ರಿ, ಹಂಗ ಬರ್ರಿ. ಆ ಕಡೆ ಪೆಂಡಾಲ್ ಹಾಕಸ್ತೇವಿ, ನೆಳ್ಳ ಇರತೈತಿ” ಎಂದ. ಗಿರಿಜಾ ಅರ್ಜಿಯನ್ನು ಎಳೆದುಕೊಂಡು ಚಾಲಕರ ಜಾಗದಲ್ಲಿ ತನ್ನ ಹೆಸರು ಬರೆದಳು, ವಯಸ್ಸಿನ ಜಾಗದಲ್ಲಿ ಐವತ್ನಾಲ್ಕು ಎಂದು ದಪ್ಪ ಅಕ್ಷರದಲ್ಲಿ ಬರೆದಳು. ನಮ್ಮ ಮದುವೆಯಾಗಿ ಮೂವತ್ತು ವರ್ಷದಲ್ಲಿ ಅವಳು ವಯಸ್ಸನ್ನು ಸರಿಯಾಗಿ ಬರೆದದ್ದು ಅದೇ ಮೊದಲು. ಅವಳಿಗೆ ಇದು ಆಟವಲ್ಲ ಎಂದು ನನಗೆ ಆಗಲೇ ತಿಳಿಯಿತು.

ಪಂದ್ಯಕ್ಕೆ ಹದಿನೈದು ದಿನ ಇರುವಾಗ, ಇಬ್ಬರೂ ಬ್ಯಾಡಗಿಯಿಂದ ಬರುತ್ತಿದ್ದೆವು. ಮೋಟೆಬೆನ್ನೂರಿನ ಹತ್ತಿರ ರಸ್ತೆಯ ಉಬ್ಬೊಂದನ್ನು ದಾಟುವಾಗ ಮುಂದುಗಡೆ ಕಟಕಟ ಎಂದು ಹಲ್ಲು ಕಡಿದಂಥ ಸದ್ದಾಯಿತು. ನಾನು ಕೂಡಲೇ “ಕಾರ್ಬೊರೇಟರ್ ಇರಬೇಕು” ಎಂದೆ. ಗಿರಿಜಾ ನನ್ನ ಕಡೆ ನೋಡಿದಳು. ಗಾಡಿ ಮುಂದೆ ಹೋಗುವಂತಿರಲಿಲ್ಲ. ಟ್ರ್ಯಾಕ್ಟರಿಗೆ ಕಟ್ಟಿ ರಾಣೆಬೆನ್ನೂರಿಗೆ ಎಳೆಸಿಕೊಂಡು ಹೋದೆವು. ರಾಣೆಬೆನ್ನೂರಿನ ಬಸಣ್ಣ ಮಿಸ್ತ್ರಿ ಮೂಲತಃ ಟ್ರ್ಯಾಕ್ಟರು, ಲಾರಿ ರಿಪೇರಿಯವನು. ಆದರೆ ಈ ಭಾಗದಲ್ಲಿ ಗಿರಿಜಾಳ ಗಾಡಿಯನ್ನು ನೋಡಿ ನಗದೆ ಕೆಳಗೆ ತೂರಿಕೊಳ್ಳುವ ಮಿಸ್ತ್ರಿ ಅವನೊಬ್ಬನೇ.

ಕೆಳಗಿನಿಂದಲೇ ಅವನು ತೀರ್ಪು ಕೊಟ್ಟ. “ಅಕ್ಕಾರ, ಮುಂದಿನ ಎರಡೂ ಎಕ್ಸಲ್ ಜಾಯಿಂಟ್ ಪುಡಿ ಆಗ್ಯಾವ್ರಿ. ಇದರ ಸಾಮಾನು ಇಲ್ಲೆ ಸಿಗಂಗಿಲ್ಲ, ಹೊರದೇಶದಿಂದ ಬರಬೇಕು. ಮೂರು ತಿಂಗಳರ ಆಗತೈತಿ.” ಗಿರಿಜಾಳ ಮುಖ ಬಾಡಿತು. ಗಿರಣಿಯ ಮೋಟರು ಸುಟ್ಟಾಗಲೂ ನಾನು ಆ ಮುಖ ನೋಡಿರಲಿಲ್ಲ. “ಹದಿನೈದು ದಿನಾ ಐತಿ ಬಸಣ್ಣ, ಏನರ ಮಾಡು” ಎಂದಳು. ಅವನು ಹೊರಗೆ ಬಂದು, ಕೈ ಒರೆಸಿಕೊಂಡು ಹೇಳಿದ, “ಒಂದ ದಾರಿ ಐತ್ರಿ. ಮುಂದಿನ ಎರಡೂ ಎಕ್ಸಲ್ ತಗದ ಒಗಿಯೂಣು. ಗಾಡಿ ಬರೇ ಹಿಂದಿನ ಗಾಲಿ ಮ್ಯಾಲ ಓಡ್ಲಿ. ಆದ್ರ ಹಿಂದ ಬುಡ ಜಾರತೈತಿ, ತಿರುವಿನಾಗ ಸಂಭಾಳಿಸಬೇಕಾಗತೈತಿ ನೋಡ್ರಿ.” ಗಿರಿಜಾಳ ಮುಖ ಮತ್ತೆ ಅರಳಿತು. “ನಮ್ಮಪ್ಪನ ಟೆಂಪೊನೂ ಹಿಂದಿನ ಗಾಲೀದ. ಮಳಿಗಾಲದಾಗ ಅದೂ ಜಾರತಿತ್ತು” ಎಂದಳು. ಅಲ್ಲೇ ನಿಂತು ಸಂಘಟಕನಿಗೆ ಫೋನು ಮಾಡಿ, ನಾಲ್ಕು ಗಾಲಿಯ ವಿಭಾಗದಿಂದ ಹಿಂದಿನ ಗಾಲಿಯ ವಿಭಾಗಕ್ಕೆ ತನ್ನ ಹೆಸರು ಬದಲಿಸಿದಳು.

ಮೆಣಸಿನಕಾಯಿ ಆವಕವಾಗುವ ದಿನಗಳವು, ಗಿರಣಿ ಬಿಟ್ಟು ಅವಳು ಅಲ್ಲಾಡುವಂತಿರಲಿಲ್ಲ. ಖಾಲಿ ಇದ್ದವನು ನಾನೊಬ್ಬ. ಹೀಗಾಗಿ ರಾಣೆಬೆನ್ನೂರಿಗೆ ಹೋಗಿ ಕೆಲಸ ಎಲ್ಲಿಗೆ ಬಂತೆಂದು ನೋಡಿಬರುವ ಹೊಣೆ ನನ್ನದಾಯಿತು. ಹೊರಡುವಾಗ ಬಾಗಿಲವರೆಗೂ ಬಂದು, “ರೀ, ಬರೇ ನೋಡ್ರಿ. ಏನೂ ಹೇಳಾಕ ಹೋಗಬ್ಯಾಡ್ರಿ. ಖರೇ ಹೇಳ್ತೇನಿ, ಬಾಯಿ ತಗಿಬ್ಯಾಡ್ರಿ” ಎಂದು ಎಚ್ಚರಿಸಿದಳು. ನಾನು ತಲೆಯಾಡಿಸಿದೆ. ಮೂವತ್ತೆರಡು ವರ್ಷ ದಿನಕ್ಕೆ ನಾಲ್ಕು ತಾಸು ಮಾತಾಡಿಯೇ ಸಂಬಳ ತೆಗೆದುಕೊಂಡವನ ಬಾಯಿಗೆ ಇಂಥ ಎಚ್ಚರಿಕೆ ಎಷ್ಟು ಹೊತ್ತು ತಡೆಯುತ್ತದೆ ಎಂದು ನೀವೇ ಊಹಿಸಿ. ನನ್ನ ಲೆಕ್ಕದಲ್ಲಿ ಅದು ಒಂದು ಕಪ್ಪು ಚಹಾ ಮುಗಿಯುವವರೆಗೆ ತಡೆಯಿತು.

ಗ್ಯಾರೇಜಿನಲ್ಲಿ ನನಗೊಂದು ಕುರ್ಚಿ ಕೊಟ್ಟರು. ನಿವೃತ್ತನಾದ ಮೇಲೆ ಯಾರಾದರೂ “ಸರ್ ಬಂದ್ರು, ಕುರ್ಚಿ ಹಾಕ್ರಿ” ಎಂದದ್ದು ಅದೇ ಮೊದಲು. ಬಸಣ್ಣನ ಮಗಳು ನನ್ನ ಕ್ಲಾಸಿನಲ್ಲಿ ಓದಿದ್ದಳಂತೆ, ಭೌತಶಾಸ್ತ್ರದಲ್ಲಿ ಒಳ್ಳೆಯ ಅಂಕ ತೆಗೆದಿದ್ದಳಂತೆ. ಅವನು ಅದನ್ನು ಪಕ್ಕದ ಲಾರಿ ಡ್ರೈವರನಿಗೂ ಹೇಳಿದ. ನನಗೆ ಹುರುಪು ಏರಿತು. ಟೈರಿನ ಮೇಲೆ ಗುರುತು ಮಾಡಲು ಇಟ್ಟಿದ್ದ ಸುಣ್ಣದ ಕಡ್ಡಿಯೊಂದು ಕಣ್ಣಿಗೆ ಬಿತ್ತು. ಅದನ್ನು ಕೈಗೆ ಎತ್ತಿಕೊಂಡದ್ದೇ ತಡ, ಗ್ಯಾರೇಜಿನ ಶಟರು ನನಗೆ ಕರಿಹಲಗೆಯಾಗಿ ಕಾಣಿಸಿತು. ನಾಲ್ಕು ಗಾಲಿ ಬರೆದೆ, ನಡುವೆ ಎಂಜಿನ್ನು ಬರೆದೆ, ಬಾಣ ಹಾಕಿದೆ. “ನೋಡು ಬಸಣ್ಣ, ಈಗ ಅರ್ಧಾ ಶಕ್ತಿ ಮುಂದ ಹೋಗತೈತಿ, ಅರ್ಧಾ ಹಿಂದ. ಮುಂದಿಂದು ತಗದ್ರ ಪೂರಾ ಹಿಂದ ಬರತೈತಿ. ಅಂದ್ರ ಹಿಂದಿನ ಗಾಲಿಗೆ ಡಬಲ್!” ಎಂದು ಸಮೀಕರಣದ ಕೆಳಗೆ ಎರಡು ಗೆರೆ ಎಳೆದೆ. ಲಾರಿ ಡ್ರೈವರನು ಬೀಡಿ ಆರಿಸಿ ಕೇಳುತ್ತಿದ್ದ. ಇಂಥ ಶಿಸ್ತು ನಮ್ಮ ಕಾಲೇಜಿನಲ್ಲೂ ಇರಲಿಲ್ಲ.

ಬಸಣ್ಣ ತಲೆ ಕೆರೆದುಕೊಂಡು ಒಂದೇ ಒಂದು ಪ್ರಶ್ನೆ ಕೇಳಿದ. “ಹಂಗಾರ ಸರ, ನಡುವಿಂದಕ್ಕ ಕೀಲಿ ಹಾಕ್ಲೇನ್ರಿ?” ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ಶಕ್ತಿ ಹಂಚುವ ಹಲ್ಲುಗಾಲಿಯ ಪೆಟ್ಟಿಗೆಯೊಂದು ಗಾಡಿಯ ನಡುವೆ ಇರುತ್ತದೆ, ಅದರ ವಿಷಯ ಅವನು ಕೇಳುತ್ತಿದ್ದ. ಈಗ ನಿಮ್ಮ ಮುಂದೆ ಸತ್ಯ ಹೇಳುತ್ತೇನೆ. ಆ ಮಾತಿನ ಅರ್ಥ ನನಗೆ ಆಗಲಿಲ್ಲ. ಆದರೆ ‘ಕೀಲಿ ಹಾಕು’ ಎಂಬ ಶಬ್ದ ಕಿವಿಗೆ ಬಿದ್ದೊಡನೆ ನನ್ನ ಕೈ ತಾನಾಗಿ ಎಡಗಡೆಯ ಕಿಸೆಗೆ ಹೋಯಿತು. ಬಾಗಿಲು ಮುಚ್ಚುವುದು, ದೀಪ ಆರಿಸುವುದು, ಗೊಂಚಲು ಒಪ್ಪಿಸಿ ಮನೆಗೆ ನಡೆಯುವುದು, ನನಗೆ ಆ ಶಬ್ದಕ್ಕೆ ಉಳಿದಿದ್ದ ಅರ್ಥ ಅದೊಂದೇ. ಚೆನ್ನಾಗಿ ನಡೆಯುತ್ತಿರುವ ಒಂದು ಯಂತ್ರಕ್ಕೆ ಯಾಕೆ ಕೀಲಿ ಹಾಕಬೇಕು? “ಛೇ ಛೇ, ಕೀಲಿ ಯಾಕ ಹಾಕ್ತಿ! ಅದೇನ್ ಪಾಪ ಮಾಡೈತಿ? ನಡುವಿಂದು ಚಾಲೂ ಇರ್ಲಿ” ಎಂದೆ, ಸ್ವಲ್ಪ ಸಿಟ್ಟಿನಿಂದಲೇ. ಬಸಣ್ಣ ಶಟರಿನ ಮೇಲಿನ ಸಮೀಕರಣವನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ. “ಆತು ಬಿಡ್ರಿ ಸರ, ನೀವು ಹೇಳಿದ ಮ್ಯಾಲ ಮುಗೀತು” ಎಂದ.

ಅದೇ ಹುರುಪಿನಲ್ಲಿ ಮುಂದಿನ ವಾರ ನಾನು ಇನ್ನೊಂದು ಆಜ್ಞೆಯನ್ನೂ ಹೊರಡಿಸಿದೆ. ಮುಂದಿನ ಎಕ್ಸಲ್ ತೆಗೆದ ಬಸಣ್ಣ, ಅದರ ತುದಿಯ ಗೇಣುದ್ದದ ತುಂಡನ್ನು ಕೊಯ್ದು ಮತ್ತೆ ಗಾಲಿಯೊಳಗೆ ಕೂಡಿಸಿ ನಟ್ಟು ಬಿಗಿಯುತ್ತಿದ್ದ. “ಇದ್ಯಾಕ ಮತ್ತ ಹಾಕಾಕತ್ತಿ? ಇದು ಏನರ ಎಳಿತೈತೇನು?” ಎಂದು ಕೇಳಿದೆ. “ಇಲ್ರಿ, ಏನೂ ಎಳ್ಯಾಂಗಿಲ್ಲ. ಇದು ಬರೇ ಮೋಟು” ಎಂದ. “ಮತ್ತ ತಗದ ಒಗಿ. ಸುಮ್ನ ಭಾರ” ಎಂದೆ. ಅಷ್ಟು ದಿನ ನನ್ನ ಮಾತಿಗೆಲ್ಲ ಹೂಂ ಎಂದಿದ್ದ ಬಸಣ್ಣ ಆ ದಿನ ನಟ್ಟು ಬಿಗಿಯುವ ಪಾನಾ ಕೆಳಗಿಟ್ಟು ಎದ್ದು ನಿಂತ. “ಸರ, ಇದೊಂದ ಮಾತ ನಿಮ್ಮದು ಕೇಳಂಗಿಲ್ರಿ. ಇದಕ್ಕ ಕೆಲಸ ಇಲ್ಲ, ಖರೇ. ಆದ್ರ ಈ ಮೋಟು ಒಳಗ ಇದ್ದು, ಇದರ ನಟ್ ಬಿಗಿ ಇದ್ರನ ಬೇರಿಂಗ್ ಕೂಡಿ ನಿಲ್ಲತೈತಿ. ಇದನ್ನ ತಗದ್ರ ಒಂದ ಹರದಾರಿ ಹೋಗೂದ್ರಾಗ ಗಾಲಿ ಬಿಚ್ಚಿ ಬಿದ್ದ ಹೊಲಾ ಸೇರತೈತಿ.” ನಾನು ಈ ವಿಷಯವನ್ನು ರಾತ್ರಿಯ ಊಟಕ್ಕೆ ಕುಳಿತಾಗ ಗಿರಿಜಾಳಿಗೆ ಒಂದು ತಮಾಷೆಯಾಗಿ ಹೇಳಿದೆ. ಅವಳು ನಗಲಿಲ್ಲ. ರೊಟ್ಟಿ ಮುರಿಯುತ್ತ “ನೀವು ಬಾಯಿ ತಗದೀರಿ ಹಂಗಾರ” ಎಂದಳು. ಕೀಲಿಯ ವಿಷಯ ನಾನು ಹೇಳಲೇ ಇಲ್ಲ.

ಪಂದ್ಯ ಭಾನುವಾರ. ಶನಿವಾರ ಬೆಳಿಗ್ಗೆ ಗಾಡಿ ತರಲು ಇಬ್ಬರೂ ರಾಣೆಬೆನ್ನೂರಿಗೆ ಹೋದೆವು. ಗಿರಿಜಾ ನನ್ನ ನಿವೃತ್ತಿಯ ಏಲಕ್ಕಿ ಹಾರವನ್ನು ಗಾಜಿನ ಕಪಾಟಿನಿಂದ ತೆಗೆದುಕೊಂಡು ಬಂದಿದ್ದಳು, ಗಾಡಿಯ ಕನ್ನಡಿಗೆ ಕಟ್ಟಿದಳು. “ಮನ್ಯಾಗ ಇರಿವಿ ಹತ್ತಾಕತ್ತಾವು” ಎಂದು ಕಾರಣ ಕೊಟ್ಟಳು. ಆಸನದಲ್ಲಿ ಕುಳಿತು, ಕಿವಿಗೆ ಸೆರಗು ಸಿಕ್ಕಿಸಿ, ಎಂಜಿನ್ ಚಾಲೂ ಮಾಡಿ ಗೇರ್ ಹಾಕಿ ಕ್ಲಚ್ ಬಿಟ್ಟಳು. ಗಾಡಿ ಗರ್ಜಿಸಿತು. ಆಕ್ಸಿಲರೇಟರ್ ಒತ್ತಿದಷ್ಟೂ ಗರ್ಜಿಸಿತು. ಶಟರು ನಡುಗಿತು, ಪಕ್ಕದ ಚಹಾದಂಗಡಿಯ ಗಾಜಿನ ಲೋಟಗಳು ಕಿಣಿಗುಟ್ಟಿದವು. ಆದರೆ ಗಾಡಿ ಒಂದು ಅಂಗುಲವೂ ಮುಂದೆ ಹೋಗಲಿಲ್ಲ. ಹಿಂದಿನ ಗಾಲಿಗಳು ನಮಗೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ ನಿಂತಿದ್ದವು. ಅವುಗಳ ಹಿಂದೆಯೇ ಶಟರಿನ ಮೇಲೆ ನನ್ನ ಅಕ್ಷರದಲ್ಲಿ ‘ಡಬಲ್’ ಎಂದು ಬರೆದಿತ್ತು.

ಗಿರಿಜಾ ಎಂಜಿನ್ ಆರಿಸಿ “ಬಸಣ್ಣ?” ಎಂದಳು. ಬಸಣ್ಣ ನೆಲ ನೋಡುತ್ತ, “ಹಿಂಗ ಆಗತೈತಂತ ನನಗ ಗೊತ್ತಿತ್ರಿ ಅಕ್ಕಾರ” ಎಂದ. “ಗೊತ್ತಿತ್ತಂದ್ರ?” “ನಡುವಿಂದಕ್ಕ ಕೀಲಿ ಹಾಕ್ಲೇನ್ರಿ ಅಂತ ಕೇಳಿದ್ನಿ. ಸರ್ ಬ್ಯಾಡ ಅಂದ್ರು. ಫಿಜಿಕ್ಸ್ ಕಲಿಸಿದ ಮಾಸ್ತರು, ಶಟರ್ ತುಂಬ ಲೆಕ್ಕಾ ಬರದಾರ. ನಂದು ಬರೇ ಏಳನೇ ಇಯತ್ತೆ ಸಾಲಿ. ಅವ್ರಿಗೆ ಏನೋ ಬ್ಯಾರೆ ಗೊತ್ತಿರಬೇಕು ಅಂತ ಸುಮ್ನಾದ್ನಿ.” ಗಿರಿಜಾ ನನ್ನ ಕಡೆ ತಿರುಗಿದಳು. ನಾನು ಲಾರಿಯೊಂದರ ಹಿಂಬದಿಯ ಬರಹವನ್ನು ಓದತೊಡಗಿದೆ.

ಆಮೇಲೆ ಬಸಣ್ಣ, ಮೂವತ್ತೆರಡು ವರ್ಷದಲ್ಲಿ ನಾನು ಯಾರಿಗೂ ಇಷ್ಟು ಸರಳವಾಗಿ ಹೇಳಿಕೊಡದ ಪಾಠವೊಂದನ್ನು ಹೇಳಿಕೊಟ್ಟ. ಟ್ರ್ಯಾಕ್ಟರಿನ ಒಂದು ಗಾಲಿ ಕೆಸರಿನಲ್ಲಿ ಸಿಕ್ಕಿಕೊಂಡರೆ ಆ ಗಾಲಿಯೇ ಗಿರಗಿರ ತಿರುಗುತ್ತದೆ, ಒಣನೆಲದ ಮೇಲಿನ ಗಾಲಿ ಸುಮ್ಮನೆ ನಿಲ್ಲುತ್ತದೆ. ಆಗ ಎರಡನ್ನೂ ಸೇರಿಸಿ ಒಟ್ಟಿಗೆ ತಿರುಗಿಸುವ ಒಂದು ಪೆಡಲ್ ಒತ್ತುತ್ತಾರೆ, ಅದಕ್ಕೆ ಇವರು ಕೀಲಿ ಹಾಕುವುದು ಎನ್ನುತ್ತಾರೆ. “ಈ ನಡುವಿಂದೂ ಹಂಗರಿ. ಯಾವ ಕಡೆ ಹಗೂರ ತಿರಗತೈತೋ, ಪೂರಾ ಶಕ್ತಿ ಆ ಕಡೆನ ಓಡತೈತಿ. ಈಗ ಮುಂದ ಏನೂ ಇಲ್ಲ, ಖಾಲಿ. ಅದಕ್ಕ ಎಲ್ಲಾ ಅಲ್ಲೆ ಹೋಗಿ ವ್ಯರ್ಥ ತಿರಗಾಕತ್ತೈತಿ. ದುಡಿಯೂ ಗಾಲಿಗೆ ಏನೂ ಉಳಿಯಂಗಿಲ್ಲ.” ಗಿರಿಜಾ ಇದನ್ನು ಬಹಳ ಆಸಕ್ತಿಯಿಂದ ಕೇಳಿ, “ತಿಳೀತು ಬಿಡು. ದೀಪಾವಳಿಯಿಂದ ನಮ್ಮ ಮನ್ಯಾಗೂ ಹಿಂಗ ಆಗೈತಿ. ಒಬ್ರು ಖಾಲಿ ಕುಂತಾರ, ಎಲ್ಲಾರ ಜೀವಾ ಅವರ ಸುತ್ತನ ತಿರಗಾಕತ್ತೈತಿ. ಚಹಾ ಆತೇನು, ಪೇಪರ್ ಎಲ್ಲಿ, ಚಷ್ಮಾ ಎಲ್ಲಿ” ಎಂದಳು. ಲಾರಿ ಡ್ರೈವರ್ ನಕ್ಕ. ಬಸಣ್ಣನೂ ನಕ್ಕ. ನಾನೂ ನಕ್ಕಂತೆ ಮಾಡಿದೆ, ಆದರೆ ಆ ಮಾತು ನನಗೆ ನಿಜವಾಗಿ ಚುಚ್ಚಿತು. ಖಾಲಿ ತಿರುಗುವ ಕಡೆಗೇ ಶಕ್ತಿಯೆಲ್ಲ ಹರಿದುಹೋಗುತ್ತದೆ ಎಂಬುದು ನಾನು ಮೂರು ತಿಂಗಳಿಂದ ಅನುಭವಿಸುತ್ತಿದ್ದ ಸುಖದ ಸರಿಯಾದ ವಿವರಣೆ ಎಂದು ಅದೇ ಗಳಿಗೆಯಲ್ಲಿ ಹೊಳೆಯಿತು. ಇನ್ನೂ ಕೆಟ್ಟದ್ದೆಂದರೆ, ನನ್ನ ಒಂದು ‘ಚಾಲೂ ಇರ್ಲಿ’ಯಿಂದ ಅವಳ ಭಾನುವಾರ ಹಾಳಾಗುವುದರಲ್ಲಿತ್ತು.

“ಇವತ್ತ ಸಂಜಿ ಒಳಗ ಆಗತೈತೇನು?” ಎಂದು ಅವಳು ಕೇಳಿದಾಗ ಬಸಣ್ಣ ಗಡಿಯಾರ ನೋಡಿದ. “ಗೇರಪೆಟಗಿ ಹಿಂಬದಿ ಬಿಚ್ಚಬೇಕು, ನಡುವಿಂದನ್ನ ತಗದ ಬೆಸುಗಿ ಹಾಕಿ ಒಂದ ಮಾಡಬೇಕು, ಮತ್ತ ಕೂಡಸಬೇಕು. ಆಗತೈತ್ರಿ. ಆದ್ರ ಸರ್ ಕುರ್ಚಿಮ್ಯಾಲ ಕುಂದ್ರಬಾರದು” ಎಂದ. ನಾನು ಕುಳಿತುಕೊಳ್ಳಲಿಲ್ಲ. ದಿನವಿಡೀ ಗಾಡಿಯ ಕೆಳಗೆ ಅಂಗಾತ ಮಲಗಿ ಬ್ಯಾಟರಿ ದೀಪ ಹಿಡಿದೆ. ಬಸಣ್ಣ ಯಾವ ಪಾನಾ ಕೇಳಿದರೂ ಬೇರೊಂದು ಕೊಟ್ಟೆ, ಆಮೇಲೆ ಸರಿಯಾದ್ದು ಕೊಟ್ಟೆ. ಮೂಗಿನ ಮೇಲೆ ಎಣ್ಣೆ ಸುರಿಯಿತು. ಬಾಯಿ ತೆಗೆಯಲಿಲ್ಲ, ತೆಗೆದಿದ್ದರೆ ಎಣ್ಣೆ ಒಳಗೇ ಹೋಗುತ್ತಿತ್ತು. ಮಧ್ಯಾಹ್ನ ಗಿರಿಜಾ ಗಿರ್ಮಿಟ್ ಮಿರ್ಚಿ ಕಟ್ಟಿಸಿಕೊಂಡು ಬಂದು, ಗಾಡಿಯ ಕೆಳಗಿನಿಂದ ಕಾಣುತ್ತಿದ್ದ ನನ್ನ ಕಾಲುಗಳನ್ನು ಮುಟ್ಟಿ, “ಬರ್ರಿ, ತಿನ್ರಿ” ಎಂದಳು. ಧ್ವನಿಯಲ್ಲಿ ಸಿಟ್ಟು ಅರ್ಧ ಇಳಿದಿತ್ತು. ಹೊತ್ತು ಮುಳುಗುವ ಮುಂಚೆ ಬಸಣ್ಣ “ಕೀಲಿ ಬಿತ್ತು” ಎಂದ. ಅವಳು ಕ್ಲಚ್ ಬಿಟ್ಟಳು. ಗಾಡಿ ಹಿಂದಿನಿಂದ ಯಾರೋ ನೂಕಿದಂತೆ ಮುಂದಕ್ಕೆ ಜಿಗಿಯಿತು. ನಾನು ಒದ್ದೆ ಅರಿವೆ ತೆಗೆದುಕೊಂಡು ಶಟರಿನ ಸಮೀಕರಣ ಒರೆಸಲು ಹೋದೆ. “ಇರ್ಲಿ ಬಿಡ್ರಿ ಸರ, ಅಳಸಬ್ಯಾಡ್ರಿ. ಈಗ ಅದು ಖರೇ ಆತಲ್ರಿ” ಎಂದ ಬಸಣ್ಣ. ಅವನು ಕೊಟ್ಟ ಆ ಅಂಕವನ್ನು ನಾನು ಇಂದಿಗೂ ಮರೆತಿಲ್ಲ.

ಭಾನುವಾರ ಮೋಟೆಬೆನ್ನೂರಿನ ಹೊಲದಲ್ಲಿ ಜಾತ್ರೆಯಷ್ಟು ಜನ. ಕರ್ಜಗಿ ಕಡೆಯಿಂದ ಬೈಕುಗಳ ಮೇಲೆ ಮೂವರು ಮೂವರು ಬಂದಿದ್ದರು, ಬ್ಯಾಡಗಿಯ ಹಮಾಲರು ಒಂದು ಟ್ರಕ್ಕು ತುಂಬ ಬಂದಿದ್ದರು. ಚೀಲಗಳಿಗೆ ಹೊಟ್ಟು ತುಂಬಿ ತಿರುವುಗಳಿಗೆ ಅಡ್ಡ ಇಟ್ಟಿದ್ದರು. ನಾನು ಪೆಂಡಾಲಿನ ನೆರಳಿನಲ್ಲಿ ಒಂದು ಕುರ್ಚಿ ನೋಡಿಕೊಂಡಿದ್ದೆ. ಆಗ ಮೀಸೆಯ ಸಂಘಟಕ ಬಂದು, “ಅಮ್ಮಾರ, ಬಾಜೂ ಸೀಟಿನಾಗ ಒಬ್ರು ಇರಬೇಕ್ರಿ, ನಿಯಮ ಐತಿ. ಯಾರ ಹೆಸರು ಬರೀಲಿ?” ಎಂದ. ಗಿರಿಜಾ ಹಿಂದೆಮುಂದೆ ನೋಡದೆ “ಇವರದು” ಎಂದು ನನ್ನ ಕಡೆ ಬೆರಳು ಮಾಡಿದಳು. “ಸರ್ ಏನ್ ಕೆಲಸ ಮಾಡ್ತಾರ್ರಿ? ದಾರಿ ಹೇಳ್ತಾರೇನು, ಟೈಮ್ ನೋಡ್ತಾರೇನು? ಬರಿಬೇಕಾಗತೈತಿ” ಎಂದು ಅವನು ಕೇಳಿದ. “ಏನೂ ಮಾಡಂಗಿಲ್ಲ. ಅವ್ರು ಮೋಟು” ಎಂದಳು ಗಿರಿಜಾ. “ಹಾಂ?” “ಮುಂದಿನ ಗಾಲಿಯೊಳಗ ಮೋಟು ಇರತೈತಲ್ಲ, ಹಂಗ. ಎಳ್ಯಾಂಗಿಲ್ಲ, ನೂಕಂಗಿಲ್ಲ. ಆದ್ರ ತಗದ್ರ ಗಾಲಿ ಬಿಚ್ಚಿ ಬೀಳತೈತಿ. ಬರಕೊ.” ಹೀಗೆ ಹೇಳಿ ಅವಳು ಹೆಲ್ಮೆಟ್ಟಿನ ಪಟ್ಟಿ ಬಿಗಿಯಲು ಹೊರಟುಹೋದಳು. ಮೂವತ್ತು ವರ್ಷದಲ್ಲಿ ಅವಳು ನನಗೆ ಹೇಳಿದ ಅತಿ ಪ್ರೀತಿಯ ಮಾತು ಅದು. ಅದನ್ನು ನನಗೆ ಹೇಳದೆ ಅರ್ಜಿ ಬರೆದುಕೊಳ್ಳುವವನಿಗೆ ಹೇಳಿದಳು ಎಂಬುದು ಬೇರೆ ಮಾತು. 

ಸಂಘಟಕ ಹೇಳಿದ್ದನ್ನು ಹೇಳಿದಂತೆ ಬರೆದುಕೊಳ್ಳುವ ವಿದ್ಯಾರ್ಥಿ, ಕಾಲೇಜಿನಲ್ಲೂ ಹಾಗೇ ಇದ್ದ. ಐದು ನಿಮಿಷದ ಮೇಲೆ ಮೈಕಿನಲ್ಲಿ “ಈಗ ನಿಮ್ಮ ಮುಂದೆ, ಬ್ಯಾಡಗಿಯ ಗಿರಿಜಕ್ಕ! ಬಾಜೂಕ ಮೋಟು!” ಎಂದು ಕೂಗಿದರು. ನಮ್ಮ ಕಡೆ ಹಿಂದಿಯೂ ಎಲ್ಲರಿಗೂ ಬರುತ್ತದೆ. ಆ ಭಾಷೆಯಲ್ಲಿ ಮೋಟು ಎಂದರೆ ದಪ್ಪಗಿನವನು, ನನ್ನ ತೂಕವೋ ತೊಂಬತ್ತೆರಡು ಕಿಲೊ. ಆ ಕುಳ್ಳ ಗಾಡಿಯ ಸಣ್ಣ ಬಾಗಿಲಿನಿಂದ ನಾನು ಮೊದಲು ತಲೆಯನ್ನು, ಆಮೇಲೆ ಹೊಟ್ಟೆಯನ್ನು, ಕೊನೆಗೆ ಕಾಲುಗಳನ್ನು ಒಳಗೆ ಸೇರಿಸುತ್ತಿದ್ದ ಹೊತ್ತಿಗೆ ಸರಿಯಾಗಿ ಈ ಘೋಷಣೆ ಆಯಿತು. ಇಡೀ ಹೊಲ ಹೋ ಎಂದು ನಕ್ಕಿತು. ಹಮಾಲರು “ಮೋಟು! ಮೋಟು!” ಎಂದು ಚಪ್ಪಾಳೆ ಹಾಕತೊಡಗಿದರು. ಗಾಡಿಯೊಳಗೆ ಏಲಕ್ಕಿಯ ವಾಸನೆ ಗಮ್ಮೆನ್ನುತ್ತಿತ್ತು. ಗಿರಿಜಾ ನನ್ನ ಬೆಲ್ಟನ್ನು ತಾನೇ ಎಳೆದು ಬಿಗಿದು, “ಮಾತಾಡಬ್ಯಾಡ್ರಿ” ಎಂದಷ್ಟೇ ಹೇಳಿದಳು.

ಮೊದಲ ಸುತ್ತಿನ ಮೂರನೆಯ ತಿರುವಿನಲ್ಲಿ ಗಾಡಿಯ ಬುಡ ಜಾರಿತು. ಹೊಲ, ಜನ, ಪೆಂಡಾಲು, ಮತ್ತೆ ಹೊಲ, ಎಲ್ಲ ನನ್ನ ಮುಂದಿನಿಂದ ಒಂದು ಸಲ ಹಾದುಹೋದವು. ಗಾಡಿ ಬಂದ ದಾರಿಯ ಕಡೆಗೇ ಮುಖ ಮಾಡಿ ನಿಂತುಬಿಟ್ಟಿತು, ಎಂಜಿನ್ ಆರಿತು. ಕೆಂಪು ಧೂಳಿನಲ್ಲಿ ಏನೂ ಕಾಣುತ್ತಿರಲಿಲ್ಲ. ನನ್ನ ಬಾಯಿಯಲ್ಲಿ ಕೇಂದ್ರಾಪಗಾಮಿ ಬಲ, ಘರ್ಷಣೆಯ ಗುಣಾಂಕ, ‘ನಾ ಮೊದಲ ಹೇಳಿದ್ನಿ’ ಎಂಬ ಮೂರು ಮಾತುಗಳು ಸಾಲಾಗಿ ಬಂದು ನಿಂತಿದ್ದವು. ನುಂಗಿಕೊಂಡೆ. ಸುಮ್ಮನೆ ಕುಳಿತೆ, ಬಿಗಿಯಾಗಿ ಕುಳಿತೆ. ಅವಳು ನನ್ನ ಕಡೆ ಒಮ್ಮೆ ನೋಡಿದಳು. ನಾನು ಇದ್ದಲ್ಲೇ ಇದ್ದೇನೆಂದು ಖಾತ್ರಿಯಾದ ಮೇಲೆ, ಉಸಿರು ಬಿಟ್ಟು, ಮತ್ತೆ ಚಾಲೂ ಮಾಡಿದಳು. ಎರಡನೆಯ ಸುತ್ತಿನಲ್ಲಿ ಅದೇ ತಿರುವು ಬಂದಾಗ ಬುಡ ಮತ್ತೆ ಜಾರಿತು. ಈ ಸಲ ಅವಳು ಮಳೆಗಾಲದ ಟೆಂಪೊದಂತೆ ಅದನ್ನು ಜಾರಲು ಬಿಟ್ಟು, ಸ್ಟೇರಿಂಗನ್ನು ಎದುರು ದಿಕ್ಕಿಗೆ ತಿರುಗಿಸಿ, ಅಡ್ಡಡ್ಡಲಾಗಿಯೇ ತಿರುವು ದಾಟಿಸಿದಳು. ಹೆಲ್ಮೆಟ್ಟಿನೊಳಗೆ ಅವಳು ನಗುತ್ತಿದ್ದುದು ಕೇಳಿಸಿತು. ಇಪ್ಪತ್ನಾಲ್ಕು ವರ್ಷದ ಹುಡುಗಿಯ ನಗು ಅದು. ನಾನು ಹೆಣ್ಣು ನೋಡಲು ಹೋದ ದಿನ ಸೀನಿ ಸೀನಿ ತಪ್ಪಿಸಿಕೊಂಡದ್ದು ಏನೆಂದು ಆ ತಿರುವಿನಲ್ಲಿ ತಿಳಿಯಿತು.

ಹನ್ನೊಂದು ಗಾಡಿಗಳಲ್ಲಿ ನಾವು ಏಳನೆಯವರಾದೆವು. ಬ್ಯಾಡಗಿಯಲ್ಲಿ ಮಾತ್ರ ಮೊದಲನೆಯವರೆಂದೇ ಸುದ್ದಿ ಇದೆ, ನಾವೂ ತಿದ್ದಲು ಹೋಗಿಲ್ಲ. ಬಸಣ್ಣ ಬಂದು ಮೊದಲು ಮುಂದಿನ ಗಾಲಿಯ ಹತ್ತಿರ ಕುಕ್ಕರಗಾಲಿನಲ್ಲಿ ಕುಳಿತು ನಟ್ಟು ಮುಟ್ಟಿ ನೋಡಿದ. “ಮೋಟು ಬಿಗಿ ಐತ್ರಿ ಅಕ್ಕಾರ” ಎಂದ. “ಗೊತ್ತೈತಿ” ಎಂದಳು ಗಿರಿಜಾ. ಆಮೇಲೆ ಬಸಣ್ಣನೂ ಮೀಸೆಯ ಸಂಘಟಕನೂ ಸೇರಿ ನನ್ನನ್ನು ಗಾಡಿಯಿಂದ ಹೊರಗೆ ಎಳೆದರು. ಹುಬ್ಬಳ್ಳಿಯ ಸಾವಕಾರರ ನೆನಪಾಯಿತು.

ಈಗ ನನ್ನ ಕೈ ಎಡಗಡೆಯ ಕಿಸೆಗೆ ಹೋಗುವುದಿಲ್ಲ. ದಿನಾ ಬೆಳಿಗ್ಗೆ ಗಿರಿಜಾ ಬ್ಯಾಡಗಿಗೆ ಹೊರಡುವಾಗ ಗೇಟಿನ ಹತ್ತಿರ ಗಾಡಿ ನಿಲ್ಲಿಸಿ, ಗಾಜು ಇಳಿಸಿ, “ಬಿಗಿ ಅದೀರಿಲ್ರಿ?” ಎಂದು ಕೇಳುತ್ತಾಳೆ. “ಬಿಗಿ ಅದೇನಿ” ಎನ್ನುತ್ತೇನೆ. “ಹಂಗಾರ ಹಾಲು ಉಕ್ಕದಂಗ ನೋಡ್ರಿ, ಹತ್ತಕ್ಕ ನಳ ಬರತೈತಿ, ಟಾಕಿ ತುಂಬಸ್ರಿ, ಬಳ್ಳೊಳ್ಳಿ ಸುಲದ ಇಡ್ರಿ, ಮಾಳಗಿ ಮ್ಯಾಲ ಒಣಹಾಕಿದ ಮೆಣಸಿನಕಾಯಿ ಹೊಳ್ಳಿಸ್ರಿ” ಎಂದು ಹೇಳಿ, ಹಿಂದಿನ ಎರಡು ಗಾಲಿಗಳ ಮೇಲೆ ಸುಂಯ್ ಎಂದು ಹೊರಟುಹೋಗುತ್ತಾಳೆ. ನಾನು ಬೆಳ್ಳುಳ್ಳಿ ಸುಲಿಯುತ್ತ ಕುಳಿತು ಬಸಣ್ಣನ ಬಗ್ಗೆ ಯೋಚಿಸುತ್ತೇನೆ. ಮೋಟಿಗೆ ಕೆಲಸವೇ ಇರುವುದಿಲ್ಲ ಎಂದು ಅವನು ಆಣೆ ಮಾಡಿ ಹೇಳಿದ್ದ. ಪಾಪ, ಏಳನೆಯ ಇಯತ್ತೆ ಓದಿದವನು, ಅವನಿಗಾದರೂ ಎಷ್ಟು ಗೊತ್ತಿರಬೇಕು!